ಮೂಗಿನ ತುದಿಯ ಮಣ್ಣು

ನಮ್ಮ ಮಾವನವರ ಮೂಗಿನ ತುದಿಯಲ್ಲಿ ಯಾವಾಗಲೂ ಒಂದು ಚೂರು ಮಣ್ಣು ಅಂಟಿಕೊಂಡಿರುತ್ತಿತ್ತು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಮೂಗಿನ ಮೇಲೆ ಮಣ್ಣು. ಎಲ್ಲಿಗೆ ಹೋದರೂ ಅವರು ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು, ಹೆಬ್ಬೆರಳಿನಲ್ಲಿ ತಿಕ್ಕಿ, ಮೂಗಿಗೆ ಹಿಡಿದು ಮೂಸುತ್ತಿದ್ದರು. ಬಸ್ಸಿಳಿದ ಕಡೆ, ನೆಂಟರ ಅಂಗಳದಲ್ಲಿ, ಮದುವೆ ಚಪ್ಪರದ ಕಂಬದ ಬುಡದಲ್ಲಿ ಕೂಡ. ಅತ್ತೆ ಸೆರಗಿನಿಂದ ಒರೆಸಲು ಹೋದರೆ, "ಬಿಡೇ, ಅದೇನು ಸಗಣಿಯಾ?" ಎಂದು ಮುಖ ತಿರುಗಿಸಿಕೊಳ್ಳುವರು.

ನನ್ನನ್ನು ಅಳಿಯನನ್ನಾಗಿ ಆರಿಸಿದ್ದೂ ಹೀಗೆ ಮೂಸಿಯೇ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಕಡೂರಿನ ಗ್ಯಾರೇಜೊಂದರಲ್ಲಿ ಕೆಲಸ ಕಲಿತು, ಅಜ್ಜಂಪುರದಲ್ಲಿ ಡೀಸೆಲ್ ಇಂಜಿನ್ ರಿಪೇರಿಯ ಸ್ವಂತ ಅಂಗಡಿ ಇಟ್ಟಿದ್ದೆ. ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಆದರೂ ಹೆಣ್ಣು ಕೇಳಲು ಹೋದ ಮನೆಗಳಲ್ಲಿ "ಹುಡುಗ ಎಷ್ಟು ಓದವ್ನೆ?" ಎಂಬ ಪ್ರಶ್ನೆ ಬಂದ ಕೂಡಲೇ ಮಾತು ತಣ್ಣಗಾಗುತ್ತಿತ್ತು. ಮಾವ ಮಾತ್ರ ಒಬ್ಬರೇ ನನ್ನ ಅಂಗಡಿಗೆ ಬಂದರು. ನಾನು ಇಂಜಿನ್ ಬಿಚ್ಚುತ್ತಿದ್ದೆ. ಎದ್ದು ನಮಸ್ಕಾರ ಮಾಡುವುದರೊಳಗೆ ಬಾಗಿಲ ಮುಂದಿನ ಎಣ್ಣೆ ಕುಡಿದ ಮಣ್ಣನ್ನು ಚಿವುಟಿ ಮೂಸುತ್ತಿದ್ದರು.

"ಇದ್ರಲ್ಲಿ ಏನೂ ಬೆಳೆಯಲ್ಲ ಕಣಪ್ಪಾ" ಎಂದರು. ಆಮೇಲೆ ನನ್ನ ಕಪ್ಪು ಕೈಗಳನ್ನು ನೋಡಿದರು. "ಆದ್ರೆ ಸೋಮಾರಿತನದ ವಾಸ್ನೆ ಇಲ್ಲ."

ಅವರ ಕಡೆಯ ಕೆಲವರು ಮೂಗು ಮುರಿದಾಗ ಅವರು ಕೊಟ್ಟ ಉತ್ತರವನ್ನು ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ. "ಓದಿದೋರು ನಮ್ಮೂರ್ನ ಮುಳುಗಿಸಿದ್ರು. ಓದ್ದೆ ಇರೋನು ನನ್ನ ಮಗಳ್ನಾದ್ರೂ ತೇಲಿಸ್ಲಿ ಬಿಡ್ರಯ್ಯ." ನನ್ನನ್ನು ಕರೆಯುತ್ತಿದ್ದುದು 'ಇಂಜಿನೀರ್' ಎಂದು. ನಾನು ಮುಖ ಗಂಟಿಕ್ಕಿದರೆ ನಕ್ಕು, "ಹೆದರ್ಕೋಬೇಡ. ನೀನು ಬರೀ ರಿಪೇರಿ ಇಂಜಿನೀರು" ಎನ್ನುವರು.

ಅವರ ಊರು ಭದ್ರಾ ಹಿನ್ನೀರಿನ ಅಡಿಯಲ್ಲಿದೆ. ಅಣೆಕಟ್ಟು ಕಟ್ಟಿದಾಗ ಎಬ್ಬಿಸಿದ ಜನಕ್ಕೆ ತರೀಕೆರೆಯಿಂದ ಕಡೂರಿಗೆ ಹೋಗುವ ದಾರಿಯ ಆಚೆ ಬಯಲಿನಲ್ಲಿ ಜಮೀನು ಕೊಟ್ಟಿದ್ದರು. ಹಳೇ ಊರಿನ ಕಪ್ಪು ಜೇಡಿಗೆ ಒಗ್ಗಿದ ಕೈಗೆ ಹೊಸ ಊರಿನ ಕೆಂಪು ಗರಸು. ಮಾವ ದುಡಿದರು, ರಾಗಿ ಬೆಳೆದರು, ಮನೆ ಕಟ್ಟಿದರು. ಆದರೆ ದಿನ ಬೆಳಿಗ್ಗೆ ಹೊಲಕ್ಕೆ ಇಳಿದು ಚಿಟಿಕೆ ಮಣ್ಣು ಮೂಸಿ, "ಇನ್ನೂ ಪರಿಚಯ ಆಗಿಲ್ಲ" ಎನ್ನುವುದು ಬಿಡಲಿಲ್ಲ.

ಬಿಟ್ಟು ಬಂದದ್ದು ಊರು ಮಾತ್ರ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಅವರ ಚೊಚ್ಚಲ ಮಗ, ನನ್ನ ಹೆಂಡತಿ ಹುಟ್ಟುವ ಮುಂಚೆಯೇ, ನಾಲ್ಕು ವರ್ಷದವನಿದ್ದಾಗ ಜ್ವರ ಬಂದು ಹೋಗಿದ್ದ. ಅವನನ್ನು ಸ್ವಂತ ಹೊಲದ ಬದುವಿನಲ್ಲಿ ಮಣ್ಣು ಮಾಡಿ, ತಲೆಯ ಕಡೆಗೆ ಒಂದು ಕಲ್ಲು ನಿಲ್ಲಿಸಿದ್ದರು. ಸುಡುವ ಜನವಾಗಿದ್ದರೆ ಬೂದಿಯನ್ನಾದರೂ ಹೊತ್ತು ತರಬಹುದಿತ್ತು. ನಮ್ಮಲ್ಲಿ ಹೂಳುತ್ತೇವೆ. ಹೂತವನನ್ನು ಹೊತ್ತು ತರುವುದು ಹೇಗೆ? ಅವನು ಅಲ್ಲೇ ಉಳಿದ. ನೀರು ಮೇಲೆ ಬಂತು.

ಪ್ರತಿ ಬೇಸಿಗೆಯ ಕೊನೆಗೆ ಹಿನ್ನೀರು ಇಳಿದಾಗ ಆ ಹೊಲಗಳು ಮತ್ತೆ ಬಿಸಿಲು ಕಾಣುತ್ತಿದ್ದವು. ಮಾವ ಆಗ ಒಬ್ಬರೇ ಹೋಗುವರು. ಕಲ್ಲಿಗೆ ವಿಭೂತಿ ಹಚ್ಚಿ, ಬಿಲ್ವಪತ್ರೆ ಇಟ್ಟು, ಬರುವಾಗ ಟವೆಲಿನ ತುದಿಯಲ್ಲಿ ಒಂದು ಹಿಡಿ ಮಣ್ಣು ಕಟ್ಟಿಕೊಂಡು ಬರುವರು. ಅತ್ತೆ ಅದನ್ನು ದೇವರ ಗೂಡಿನಲ್ಲಿದ್ದ ಹಾಲಿನ ಪುಡಿಯ ಹಳೇ ಡಬ್ಬಕ್ಕೆ ಸುರಿಯುವರು. ವರ್ಷಕ್ಕೊಮ್ಮೆ ಒಂದು ಹಿಡಿ. ಅವತ್ತು ಒಂದು ದಿನ ಅತ್ತೆ ಯಾರನ್ನೂ ಬೈಯುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಅತ್ತೆಯ ಕಣ್ಣು ಮಂಜಾಗತೊಡಗಿತು. ನರ ಒಣಗುತ್ತಿದೆ, ಇದಕ್ಕೆ ಔಷಧ ಇಲ್ಲ ಎಂದು ಡಾಕ್ಟರು ಹೇಳಿದರು. ದೊಡ್ಡದು ಕಾಣುತ್ತಿತ್ತು, ಸಣ್ಣದು ಕಾಣುತ್ತಿರಲಿಲ್ಲ. ಆ ವರ್ಷ ಮಾವ ಹೊರಡುವ ಮಾತೆತ್ತಿದಾಗ ಅತ್ತೆ ಮೊರದಲ್ಲಿದ್ದ ಅವರೆಕಾಳನ್ನು ಪಕ್ಕಕ್ಕೆ ಸರಿಸಿದರು.

"ನಾನೂ ಬತ್ತೀನಿ."

"ನೀನೆಲ್ಲಿ ನಡೀತೀಯೇ ಆ ಕಾಡಲ್ಲಿ? ಈಗ ಅದ್ನ ಪ್ರಾಣಿಗಳಿಗೆ ಬರೆದುಕೊಟ್ಟವ್ರೆ. ಆನೆ ಐತೆ, ಹುಲಿ ಐತೆ."

"ಹುಲಿ ನನ್ನ ತಿಂದು ಏನ್ ಮಾಡ್ತೈತೆ, ಮೂಳೆ ಕಡೀಲಿ. ಕಣ್ಣು ಪೂರ್ತಿ ಹೋಗೋಕ್ಮುಂಚೆ ಒಂದ್ಸಲ ನನ್ನ ಮಗನ ಕಲ್ಲು ನೋಡ್ಬೇಕು ಕಣ್ರೀ. ಇಷ್ಟ್ ವರ್ಷ ನಿಮ್ಮನ್ನ ಏನಾದ್ರೂ ಕೇಳಿದೀನಾ?"

ಮಾವ ಎದ್ದು ಹೊರಗೆ ಹೋದರು. ಅವರಿಗೆ ಇಷ್ಟವಿಲ್ಲ ಎಂದು ನನಗೆ ಕಂಡಿತು. ಅತ್ತೆಯ ಆಯಾಸದ ಚಿಂತೆ ಇರಬೇಕೆಂದುಕೊಂಡೆ. ನಾನೇ ಧೈರ್ಯ ಹೇಳಿದೆ. ಗಿರಾಕಿಯೊಬ್ಬರ ಹಳೇ ಜೀಪು ನನ್ನ ಅಂಗಡಿಯಲ್ಲಿತ್ತು, ಅವರನ್ನು ಕೇಳಿ ತೆಗೆದುಕೊಂಡೆ. ಲಾರಿಯ ಟಾರ್ಪಾಲು, ಬಿದಿರು ಗಳ, ಹಗ್ಗ, ಪಾತ್ರೆ, ಅಕ್ಕಿ ತುಂಬಿದೆವು. ಮಾವ, ಅತ್ತೆ, ನನ್ನ ಹೆಂಡತಿ, ಆರು ವರ್ಷದ ನಮ್ಮ ಮಗಳು, ನಾನು. ಮಗಳಿಗಂತೂ ಬಟ್ಟೆಯ ಮನೆಯಲ್ಲಿ ಮಲಗುವುದೆಂದರೆ ಕುಣಿದಾಟ. ಅತ್ತೆಯ ತೊಡೆಯ ಮೇಲೆ ಒಂದು ಸ್ಟೀಲ್ ಡಬ್ಬ. ಅದರಲ್ಲಿ ತಂಬಿಟ್ಟು. ಹೋದ ಮಗನಿಗೆ ತಂಬಿಟ್ಟು ಅಂದರೆ ಪ್ರಾಣವಂತೆ. ಮಗಳು ಕೈ ಹಾಕಿದಾಗಲೆಲ್ಲ, "ಮುಟ್ಬೇಡ ಕಣೇ, ನಿನ್ನ ಮಾಮಂದು. ಎಡೆ ಇಟ್ಟಾದ್ಮೇಲೆ ತಿನ್ನೋವಂತೆ" ಎಂದು ಅತ್ತೆ ಡಬ್ಬ ಎಳೆದುಕೊಳ್ಳುತ್ತಿದ್ದರು.

ತರೀಕೆರೆ ದಾಟಿ ಕಾಡಿನ ಗೇಟಿಗೆ ಬಂದಾಗ ಗಾರ್ಡು ಜೀಪಿನೊಳಗೆ ಇಣುಕಿದ.

"ಎಲ್ಲಿಗೆ ಯಜಮಾನ್ರೇ ಸಂಸಾರ ಸಮೇತ?"

"ನಮ್ಮೂರಿಗೆ" ಎಂದರು ಮಾವ.

"ಯಾವೂರು? ಒಳಗೆ ಯಾವ ಊರೂ ಇಲ್ವಲ್ಲ."

"ಇಲ್ಲ ಕಣಪ್ಪಾ. ಅದಕ್ಕೇ ಹೊಂಟಿದೀವಿ."

ಗಾರ್ಡು ಒಳ್ಳೆಯವನು. ಮಾವನ ಮುಖ ಪರಿಚಯವೂ ಇತ್ತು. ಸೋಮವಾರ ಮಧ್ಯಾಹ್ನದೊಳಗೆ ಹೊರಗೆ ಬಂದುಬಿಡಬೇಕು, ಮಳೆ ಬರುವ ಹಾಗಿದೆ, ಎಂದು ಹೇಳಿ ಬಿಟ್ಟ.

ಹಿನ್ನೀರಿನ ದಡ ಮುಟ್ಟಿದಾಗ ಶನಿವಾರದ ಸಂಜೆ. ದಿಬ್ಬದ ಮೇಲೆ ನಾನು ಟಾರ್ಪಾಲು ಎತ್ತಿ ಕಟ್ಟಿದೆ. ಮುಂದೆ ಕಣ್ಣು ಹಾಯುವಷ್ಟು ಬಿರಿದ ಕೆಸರಿನ ಬಯಲು. ಅಲ್ಲಲ್ಲಿ ಮುಳುಗಿ ಸತ್ತ ಮರಗಳ ಕಪ್ಪು ಬೊಡ್ಡೆ. ನಡುವೆ ಪಾದ ಮುಳುಗುವಷ್ಟು ನೀರಿನ ಒಂದು ಹಳ್ಳ. ಹಳ್ಳದಾಚೆ ಅವರ ಹೊಲಗಳ ಕಡೆ. ಅತ್ತೆ ಜೀಪಿನಿಂದ ಇಳಿದವರೇ ಹಣೆಗೆ ಕೈ ಅಡ್ಡ ಹಿಡಿದು ನಿಂತರು.

"ಅಲ್ಲೇ ಅಲ್ವೇನ್ರೀ? ಹಳ್ಳದ ಆಚೆಗೆ? ಇನ್ನೂ ಬೆಳಕೈತೆ, ಈಗ್ಲೇ ಹೋಗ್ಬರೋಣ ನಡೀರಿ."

"ಸೋಮಾರ ಕಣೇ" ಎಂದರು ಮಾವ. "ಅಯ್ಯನೋರು ಸೋಮಾರ ಬೆಳಿಗ್ಗೆ ಗೇಟಿನ ಗಂಟ ಬಸ್ಸಲ್ಲಿ ಬತ್ತೀನಿ ಅಂದವ್ರೆ. ಸ್ನಾನ ಮಾಡಿ, ಅವ್ರ ಕೈಲಿ ಪೂಜೆ ಮಾಡ್ಸಿ, ಎಡೆ ಇಡೋಣ. ಮೊದಲನೇ ಸಲ ಬತ್ತಿದೀಯಾ, ಶನಿವಾರ ಬರಿಗೈಲಿ ಹೋಗ್ತಾರಾ?"

ಸೋಮವಾರ ನಮ್ಮವರಿಗೆ ದೊಡ್ಡ ದಿನ. ಅದರ ಮುಂದೆ ಯಾರೂ ಎದುರಾಡುವುದಿಲ್ಲ. ಅತ್ತೆ ಹಣೆಯ ಮೇಲಿನ ಕೈ ಇಳಿಸಿ, "ಅವ್ನು ಹುಟ್ಟಿದ್ದೂ ಸೋಮಾರನೇ" ಎಂದು ಕೂತುಕೊಂಡರು. ರಾತ್ರಿ ಊಟಕ್ಕೆ ಕೂತಾಗ ನಮ್ಮ ಮಗಳು ಕೇಳಿದಳು, "ಅಜ್ಜೀ, ಮಾಮ ನನಗಿಂತ ದೊಡ್ಡೋನಾ ಚಿಕ್ಕೋನಾ?" ಅತ್ತೆ ತುತ್ತು ಕೆಳಗಿಟ್ಟು ಯೋಚಿಸಿ, "ಚಿಕ್ಕೋನು ಕಣೇ. ನೀನೇ ಎತ್ಕಬೇಕು ಅವ್ನ" ಎಂದರು.

ಭಾನುವಾರ ಬೆಳಿಗ್ಗೆ ಹೆಂಗಸರು ಒಲೆ ಹೂಡುತ್ತಿದ್ದಾಗ ಮಾವ ನನ್ನನ್ನು ಕರೆದರು. ದಾರಿ ನೋಡಿಕೊಂಡು ಬರೋಣ ಎಂದು ಅತ್ತೆಗೆ ಹೇಳಿದರು. ದಿಬ್ಬದ ಹಿಂದಕ್ಕೆ ಕರೆದೊಯ್ದು, ಅಲ್ಲಿ ಬಿದ್ದಿದ್ದ ಮೊಣಕಾಲೆತ್ತರದ ಒಂದು ಕಲ್ಲನ್ನು ತೋರಿಸಿದರು.

"ಇದ್ನ ಹೊತ್ಕೊಳ್ಳೋಕಾಗ್ತದಾ ಇಂಜಿನೀರ್?"

"ಯಾಕ್ ಮಾವ?"

"ಹೊತ್ಕಂಡ್ ಬಾ, ಹೇಳ್ತೀನಿ."

ಕಲ್ಲು ಭುಜಕ್ಕೇರಿಸಿಕೊಂಡು ಅವರ ಹಿಂದೆ ನಡೆದೆ. ಹಳ್ಳ ದಾಟಿ, ಬಯಲಿನ ಮಧ್ಯಕ್ಕೆ ಬಂದ ಮೇಲೆ ಅವರು ನಿಂತರು. ದಿಬ್ಬದ ಕಡೆಗೆ ಒಮ್ಮೆ ತಿರುಗಿ ನೋಡಿ, ಆಮೇಲೆ ಹೇಳಿದರು.

"ಅವ್ನ ಕಲ್ಲು ಇಲ್ಲ ಕಣಪ್ಪಾ."

ನನಗೆ ಅರ್ಥವಾಗಲಿಲ್ಲ.

"ಹುಣಸೆ ಬೊಡ್ಡೆ ಒಂದಿತ್ತು. ಅದು ಇರೋಗಂಟ ಗೊತ್ತಾಗ್ತಿತ್ತು. ಬೊಡ್ಡೆಗೆ ಬೆನ್ನು ಕೊಟ್ಟು ನಿಂತ್ರೆ, ಎದುರಿಗೆ ಊರ ಬಾವಿ, ಬಲಕ್ಕೆ ನನ್ನ ಬದು. ಒಂದ್ವರ್ಷ ಬಂದು ನೋಡ್ತೀನಿ, ಬೊಡ್ಡೆ ಇಲ್ಲ. ನೀರು ಎತ್ಕಂಡು ಹೋಯ್ತೋ, ಯಾರಾದ್ರೂ ಸೌದೆಗೆ ಕಡ್ಕಂಡ್ರೋ. ಬಾವೀನೂ ಹೂಳು ತುಂಬ್ಕಂಡೈತೆ. ಬದು ಎಲ್ಲಾ ಮಟ್ಟ. ಕಲ್ಲು ಒಳಗೇ ಹೋಗೈತೋ, ಉರುಳ್ಕಂಡು ಹೋಗೈತೋ."

"ಯಾವಾಗಿಂದ ಮಾವ?"

"ನಿನ್ನ ಮದುವೆಗೆ ಮುಂಚೆನೇ."

"ಮತ್ತೆ ಪ್ರತಿ ವರ್ಷ ತರೋ ಮಣ್ಣು?"

ಅವರು ಬಗ್ಗಿ ಕೆಸರಿನಿಂದ ಒಂದು ಚಿಟಿಕೆ ಎತ್ತಿದರು. ಮೂಸಿದರು. ಬಿಸಾಡಿದರು. ನಾಲ್ಕು ಹೆಜ್ಜೆ ಹೋಗಿ ಮತ್ತೆ ಎತ್ತಿದರು. ಆ ಬಯಲಿನಲ್ಲಿ ಬಾಗಿಕೊಂಡು, ಏನೋ ಬೀಳಿಸಿಕೊಂಡವರ ಹಾಗೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದರು. ನಾನು ಕಲ್ಲು ಹೊತ್ತುಕೊಂಡು ಅವರ ಹಿಂದೆ ತಿರುಗಿದೆ. ತಮ್ಮ ಹೊಲದ ಮಣ್ಣನ್ನು ಕಣ್ಣು ಕಟ್ಟಿದರೂ ಹೇಳುತ್ತೇನೆ ಎನ್ನುತ್ತಿದ್ದವರು ಅವರು. ಮೂಗಿನ ಮೇಲೆಲ್ಲ ಕೆಸರಾಯಿತು.

"ಎಲ್ಲಾ ಒಂದೇ ವಾಸ್ನೆ ಕಣಪ್ಪಾ" ಎಂದರು ಕೊನೆಗೆ. "ಬರೀ ಹೂಳಿನ ವಾಸ್ನೆ. ನನ್ನ ಹೊಲದ್ದು ಒಂದು ಚೂರೂ ಇಲ್ಲ."

ಆಗಲೇ ಕೆಮ್ಮಣ್ಣುಗುಂಡಿಯ ಕಡೆಯ ಬೆಟ್ಟಗಳು ಕಪ್ಪಾಗಿದ್ದವು. "ಎಲ್ಲಾದ್ರೂ ನಿಲ್ಲಿಸೋಣ ಮಾವ, ಅತ್ತೆಗೆ ಅಷ್ಟು ಕಾಣ್ಸೋದಿಲ್ಲ" ಎಂದೆ. ಅದಕ್ಕೇ ಅವರು ಸೋಮವಾರದ ನೆಪ ಹೇಳಿದ್ದು, ಅದಕ್ಕೇ ಈ ಕಲ್ಲು. ಅದು ಅವರೇ ಹೂಡಿದ ಉಪಾಯ ಎಂದು ಆಗ ಹೊಳೆಯಿತು. ಮಾವ ಸಣ್ಣ ಗುಂಡಿ ತೋಡಲು ಕೂತರು. ಕೈ ಎರಡು ಸಲ ಮಣ್ಣಿಗೆ ಹೋಯಿತು. ಆಮೇಲೆ ನಿಂತುಬಿಟ್ಟಿತು.

"ಇಲ್ಲಿ ಅವ್ನಿಲ್ಲ. ಇಲ್ಲಿ ನಿಲ್ಲಿಸಿದ್ರೆ ಅವ್ಳು ಬಂದು ಈ ಜಾಗ ತಬ್ಕಂಡು ಅಳ್ತಾಳೆ. ಅತ್ಲಾಗೆ ಎಲ್ಲೋ ಅವ್ನು ಮಲಗಿರ್ತಾನೆ, ನಮ್ಮವ್ವ ಯಾಕೆ ಬೇರೆಯೋರ ಹತ್ರ ಕೂತವ್ಳೆ ಅಂತಾನೆ. ಬ್ಯಾಡ."

"ಹಾಗಾದ್ರೆ ಅತ್ತೆಗೆ ಹೇಳಿಬಿಡೋಣ."

"ಏನಂತ? ಮಗನ್ನ ಎರಡು ಸಲ ಕಳ್ಕಂಡೆ ಅಂತಲಾ?"

ಮಳೆ ಹನಿಯಲಿಲ್ಲ, ಒಮ್ಮೆಗೇ ಬಿತ್ತು. ಮುಂದಿನದು ಕಾಣದಾಯಿತು. ಕಲ್ಲನ್ನು ಅಲ್ಲೇ ಬಿಟ್ಟು ಓಡಿದೆವು. ಬೆಳಿಗ್ಗೆ ಪಾದ ಮುಳುಗುತ್ತಿದ್ದ ಹಳ್ಳ ಆಗಲೇ ಮೊಣಕಾಲಿಗೆ ಬಂದು ಕೆಂಪಗೆ ಹರಿಯುತ್ತಿತ್ತು. ಮಾವನ ರಟ್ಟೆ ಹಿಡಿದು ದಾಟಿಸಿದೆ. ದಿಬ್ಬದ ಅಂಚಿನಲ್ಲಿ ಅತ್ತೆ ಗೋಣಿಚೀಲ ಕವುಚಿಕೊಂಡು ನೆನೆಯುತ್ತ ನಿಂತಿದ್ದರು. ನಾವು ಹತ್ತಿರ ಬರುವವರೆಗೂ ಯಾರೆಂದು ಅವರಿಗೆ ತಿಳಿಯಲಿಲ್ಲ.

"ನೋಡಿದ್ರಾ? ಅವ್ನಿದಾನಾ?"

ಮಾವ ಮುಖ ಒರೆಸಿಕೊಂಡರು. "ಇದಾನೆ ಕಣೇ. ಚೆನ್ನಾಗಿದಾನೆ. ನಾಳೆ ಕರ್ಕಂಡು ಹೋಗ್ತೀನಿ."

ಅತ್ತೆಯ ಮುಖದ ಮೇಲೆ ಆಗ ಬಂದ ನಗುವನ್ನು ನಾನು ನೋಡದೆ ಇದ್ದಿದ್ದರೆ ಚೆನ್ನಾಗಿತ್ತು.

ಮಳೆ ಬಿಡಲಿಲ್ಲ. ಟಾರ್ಪಾಲಿನ ನಡುವೆ ನೀರು ತುಂಬಿ ತುಂಬಿ ಹೊಟ್ಟೆ ಬಂದಿತ್ತು. ನಾನು ಕೋಲಿನಿಂದ ಎತ್ತಿ ಎತ್ತಿ ಚೆಲ್ಲುತ್ತಿದ್ದೆ. ಒಲೆ ಆರಿತು. ಅವಲಕ್ಕಿ ನೆನೆಸಿ ತಿಂದೆವು. ಮಗಳು ಹೊದಿಕೆಯೊಳಗೆ ಸೇರಿಕೊಂಡು, "ತಾತಾ, ಊರಿನ ಕತೆ ಹೇಳು" ಎಂದು ಪೀಡಿಸಿದಳು. ಮಾವ ಹೇಳಿದರು. ಇಲ್ಲಿ ಬಾವಿ, ಅಲ್ಲಿ ಕಟ್ಟೆ, ಕಟ್ಟೆಯ ಮುಂದೆ ಹಾದು ಹೋದರೆ ನಮ್ಮ ಮನೆ, ಹಿತ್ತಲ ಬಾಗಿಲು ದಾಟಿದರೆ ಹುಣಸೇಮರ, ಮರಕ್ಕೆ ಬೆನ್ನು ಕೊಟ್ಟು ನಿಂತರೆ... ಅಲ್ಲಿಗೆ ನಿಲ್ಲಿಸಿದರು. ಮಿಕ್ಕದ್ದನ್ನು ಅತ್ತೆ ಹೇಳಿದರು. "ಬಲಕ್ಕೆ ತಿರುಗಿದ್ರೆ ಮಾಮ." ಅವರಿಗೆ ದಾರಿ ಬಾಯಿಪಾಠವಾಗಿತ್ತು. ಕಣ್ಣಿನ ಅಗತ್ಯವೇ ಇರಲಿಲ್ಲ. ಮಾವ ಮಳೆಯ ಕಡೆಗೆ ತಿರುಗಿ ಕೂತರು. ನನ್ನ ಹೆಂಡತಿ, "ಅಪ್ಪಂಗೆ ಜ್ವರ ಬಂದಿರಬೇಕು, ಮಾತೇ ಇಲ್ಲ" ಎಂದಳು. ನಾನು ಕೋಲೆತ್ತಿ ಟಾರ್ಪಾಲಿನ ನೀರು ಚೆಲ್ಲಿದೆ.

ಸೋಮವಾರ ಬೆಳಗಾದಾಗ ಬಯಲು ಇರಲಿಲ್ಲ. ಮೇಲೆ ಘಟ್ಟದಲ್ಲಿ ಎರಡು ದಿನದಿಂದ ಸುರಿಯುತ್ತಿತ್ತಂತೆ. ಹಳ್ಳ ಹೊಳೆಯಾಗಿ, ಅದರಾಚೆಯ ತಗ್ಗಿನ ಮೇಲೆಲ್ಲ ಕೆನ್ನೀರು ಹರಡಿತ್ತು. ನಾನು ಹೊತ್ತು ತಂದು ಬಿಟ್ಟ ಕಲ್ಲೂ ಅದರಡಿಯಲ್ಲಿ. ಅಯ್ಯನವರು ಬರಲಿಲ್ಲ, ಗೇಟಿಗೆ ಬಸ್ಸೇ ಬಂದಿರಲಿಲ್ಲವಂತೆ. ಅತ್ತೆ ಮಾತ್ರ ಮಳೆಯಲ್ಲೇ ತಣ್ಣೀರು ಸುರಿದುಕೊಂಡು, ಮಡಿ ಸೀರೆ ಉಟ್ಟು, ವಿಭೂತಿ ಧರಿಸಿ, ತಂಬಿಟ್ಟಿನ ಡಬ್ಬ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಹೊಂಡೋಣ್ವೇನ್ರೀ?"

"ನೀರು ಬಂದ್ಬಿಡ್ತು ಕಣೇ" ಎಂದರು ಮಾವ.

"ಎಲ್ಲಿಗಂಟ?"

"ಎಲ್ಲಾ."

ಅತ್ತೆ ಎದ್ದು ಹೊರಗೆ ಹೋಗಿ ನೋಡಿದರು. ಅಷ್ಟು ದೊಡ್ಡ ನೀರು ಅವರ ಕಣ್ಣಿಗೂ ಕಂಡಿತು. "ಶನಿವಾರನೇ ಹೋಗಿದ್ರೆ ಆಗಿರೋದು" ಎಂದರು. ಕೂಗಲಿಲ್ಲ, ಗೊಣಗಲಿಲ್ಲ. ಆ ಒಂದೇ ಮಾತು, ಜೀವಮಾನಕ್ಕೆಲ್ಲ. ಮಾವ ಅದನ್ನು ತಲೆ ಬಗ್ಗಿಸಿ ತೆಗೆದುಕೊಂಡರು. ತಪ್ಪು ಸೋಮವಾರದ್ದು ಎಂದು ಅತ್ತೆ ತಿಳಿಯಲಿ ಎಂದು ಬಿಟ್ಟರು. ನಿಜ ಹೇಳುವುದಕ್ಕಿಂತ ಅದೇ ಅವರಿಗೆ ಹಗುರವಾಗಿತ್ತು.

ಗಾರ್ಡು ನೆನೆದುಕೊಂಡು ಬಂದು ಬೇಗ ಹೊರಡಿ, ದಾರಿ ಕೊಚ್ಚಿಹೋಗುತ್ತದೆ ಎಂದ. ನಾನು ಟಾರ್ಪಾಲು ಬಿಚ್ಚಿದೆ. ಅತ್ತೆ ಜೀಪಿನಲ್ಲಿ ಕೂತು ಡಬ್ಬದ ಮುಚ್ಚಳ ತೆಗೆದು ನಮ್ಮ ಮಗಳ ಮುಂದೆ ಹಿಡಿದರು.

"ತಗಾ, ತಿನ್ನು."

"ಮಾಮನಿಗೆ?"

"ಅವ್ನಿಗೆ ಹಸಿವಿಲ್ಲಂತೆ."

ದಾರಿಯುದ್ದಕ್ಕೂ ಮಗಳು ತಂಬಿಟ್ಟು ತಿನ್ನುವ ಸದ್ದು ಕೇಳಿಸುತ್ತಿತ್ತು.

ಮುಂದಿನ ಬೇಸಿಗೆಯ ಹೊತ್ತಿಗೆ ಅತ್ತೆಯ ಎರಡೂ ಕಣ್ಣು ಹೋಗಿದ್ದವು. ಮತ್ತೆ ಬರುತ್ತೇನೆ ಎಂದು ಅವರು ಕೇಳಲಿಲ್ಲ. ಆದರೆ ನೀರು ಇಳಿಯುವ ಕಾಲಕ್ಕೆ ಸರಿಯಾಗಿ, "ಹೋಗ್ಬರಲ್ವಾ?" ಎಂದು ಮಾವನಿಗೆ ಜ್ಞಾಪಿಸುತ್ತಿದ್ದರು. ಮಾವ ಹೋಗುತ್ತಿದ್ದರು. ಒಂದು ಹಿಡಿ ಮಣ್ಣು ತರುತ್ತಿದ್ದರು. ಅತ್ತೆ ತಡವಿಕೊಂಡು ಡಬ್ಬಕ್ಕೆ ಸುರಿಯುತ್ತಿದ್ದರು. ಒಂದು ವರ್ಷ ಮಾವನಿಗೆ ಕಾಲು ಊದಿ ನಡೆಯಲಾಗದಿದ್ದಾಗ ನಾನೇ ಹೋದೆ. ಆ ಬಯಲಿನಲ್ಲಿ ಎಲ್ಲಿ ಬಗ್ಗಬೇಕೆಂದು ತಿಳಿಯದೆ ಬಹಳ ಹೊತ್ತು ನಿಂತಿದ್ದೆ. ಎಂಥ ಕೆಟ್ಟ ಇಂಜಿನ್ನಿನ ಮುಂದೆಯೂ ನಾನು ಹಾಗೆ ಕೈ ಕಟ್ಟಿ ನಿಂತವನಲ್ಲ.

ಆ ಮಳೆಯ ನಂತರ ಮಾವ ಮಣ್ಣು ಮೂಸಿದ್ದನ್ನು ನಾನು ಕಾಣಲಿಲ್ಲ. ಹೊಲಕ್ಕೆ ಹೋಗುತ್ತಿದ್ದರು, ದುಡಿಯುತ್ತಿದ್ದರು, ಬರುತ್ತಿದ್ದರು. ಪರಿಚಯ ಆಯಿತೋ ಇಲ್ಲವೋ ಎಂದು ಹೇಳುವುದನ್ನೂ ಬಿಟ್ಟರು. ಮೂಗು ಚೊಕ್ಕಟವಾಗಿರುತ್ತಿತ್ತು. ನೆಂಟರು, "ಯಜಮಾನ್ರು ಈಗ ಪಟ್ಟಣದೋರಾಗ್ಬಿಟ್ರು" ಎಂದು ತಮಾಷೆ ಮಾಡಿದರೆ ಸುಮ್ಮನೆ ನಗುತ್ತಿದ್ದರು. ನನ್ನನ್ನು ಇಂಜಿನೀರ್ ಎಂದು ಕರೆಯುವುದೂ ನಿಂತಿತು. ಒಂದು ಸಲ ಅಂಗಡಿಯಲ್ಲಿ ಇಬ್ಬರೇ ಇದ್ದಾಗ ಕೇಳಿದರು, "ಅದ್ನ ನಿನ್ನ ಮನಸ್ಸಲ್ಲೇ ಇಟ್ಕಂಡಿದೀಯಾ?" ಇಟ್ಟುಕೊಂಡಿದ್ದೇನೆ ಎಂದೆ. "ಇಟ್ಕೊ. ಅವ್ಳು ಇರೋಗಂಟ" ಎಂದರು. ನನಗೆ ಅವರು ಮಗಳನ್ನು ಕೊಟ್ಟಾಗ ಅದನ್ನು ನಂಬಿಕೆ ಅಂದುಕೊಂಡಿದ್ದೆ. ನಂಬಿಕೆಯ ಭಾರ ಎಷ್ಟೆಂದು ಆವತ್ತು ತಿಳಿಯಿತು.

ಎಂಬತ್ತರ ದಶಕದ ಮಧ್ಯದಲ್ಲಿ, ಒಂದು ಮಧ್ಯಾಹ್ನ, ಊಟ ಮಾಡಿ ಗೋಡೆಗೆ ಒರಗಿದವರು ಏಳಲಿಲ್ಲ. ಹೊಸ ಊರಿನ ಅದೇ ಕೆಂಪು ಹೊಲದ ಅಂಚಿನಲ್ಲಿ ಗುಂಡಿ ತೆಗೆಸಿದೆವು. ನಮ್ಮ ಪದ್ಧತಿಯಂತೆ ಚಕ್ಕಳಮಕ್ಕಳ ಕೂರಿಸಿ, ಮೈತುಂಬ ವಿಭೂತಿ ಬಳಿದು, ಸುತ್ತ ಬಿಲ್ವಪತ್ರೆ ತುಂಬಿದರು. ಅಯ್ಯನವರ ಮಂತ್ರ ಮುಗಿಯಿತು. ಒಬ್ಬೊಬ್ಬರೂ ಹಿಡಿ ಮಣ್ಣು ಹಾಕುವ ಹೊತ್ತು. ಆಗ ನನ್ನ ಹೆಂಡತಿಯ ಭುಜ ಹಿಡಿದುಕೊಂಡು ಅತ್ತೆ ಬಂದರು. ಕಂಕುಳಲ್ಲಿ ದೇವರ ಗೂಡಿನ ಡಬ್ಬ.

"ಅಳಿಯಂದ್ರು ಎಲ್ಲಿದಾರೆ?"

"ಇಲ್ಲೇ ಇದೀನಿ ಅತ್ತೆ."

"ಇದ್ನ ಅವ್ರ ಮಡಿಲಿಗೆ ಸುರೀರಿ. ನಂಗೆ ಕಾಣಲ್ಲ. ಅಪ್ಪ ಕೂತವ್ರಲ್ಲ, ಮಗ ತೊಡೆ ಮೇಲೆ ಕೂತ್ಕಳ್ಲಿ. ಇನ್ಮೇಲಾದ್ರೂ ಅವ್ನು ನೀರಲ್ಲಿ ಇರೋದು ಬ್ಯಾಡ."

ಸುತ್ತ ನಿಂತ ಹೆಂಗಸರು ಗೊಳೋ ಎಂದರು. ಗಂಡಸರು ಕಣ್ಣೊರೆಸಿಕೊಂಡರು. ಆ ಜನದಲ್ಲಿ ಡಬ್ಬದೊಳಗೆ ಇರುವುದು ಏನೆಂದು ಗೊತ್ತಿದ್ದವನು ನಾನೊಬ್ಬನೇ. ಇನ್ನೊಬ್ಬರು ಗುಂಡಿಯಲ್ಲಿದ್ದರು.

ಗುಂಡಿಯ ಅಂಚಿನಲ್ಲಿ ಮೊಣಕಾಲೂರಿ ಬಗ್ಗಿ ಡಬ್ಬ ಕವುಚಿದೆ. ಕೆಳಗಿನ ಒಂದಿಷ್ಟು ಕಪ್ಪಗಿತ್ತು. ಅದು ನಿಜವಾದದ್ದಿರಬಹುದು, ಹುಣಸೆ ಬೊಡ್ಡೆ ಇದ್ದ ಕಾಲದ್ದು. ಆದರೆ ಅದರ ಮೇಲೆ ಅಷ್ಟೂ ವರ್ಷದ ಹೂಳು ಬಿದ್ದು ಎಲ್ಲವೂ ಕಲೆತುಹೋಗಿತ್ತು. ಯಾವುದು ಮಗ, ಯಾವುದು ಬರೀ ಮಣ್ಣು ಎಂದು ಬೇರೆ ಮಾಡುವ ಮೂಗು ಇನ್ನು ಇರಲಿಲ್ಲ. ಒಣಗಿದ ಮಣ್ಣಲ್ಲವೇ, ಧೂಳೆದ್ದಿತು.

"ಬಿತ್ತಾ?" ಎಂದರು ಅತ್ತೆ ಮೇಲಿನಿಂದ.

"ಬಿತ್ತು ಅತ್ತೆ."

"ಮಡಿಲಿಗೇ ಬಿತ್ತಾ?"

"ಮಡಿಲಿಗೇ."

ಡಬ್ಬ ಎತ್ತಿಕೊಂಡು ನೋಡಿದೆ. ವಿಭೂತಿ ಬಳಿದ ಆ ಮುಖದಲ್ಲಿ, ಮೂಗಿನ ತುದಿಗೆ, ಒಂದು ಚೂರು ಮಣ್ಣು ಅಂಟಿಕೊಂಡಿತ್ತು. ಒರೆಸಲು ಕೈ ಚಾಚಿದೆ. ಆಗಲಿಲ್ಲ. ಮೇಲಿನಿಂದ ಜನ ಮಣ್ಣು ಹಾಕತೊಡಗಿದರು.